ಮಕ್ಕಳು, ಅಜ್ಜಿ, ಮೈನಸ್ ಇಪ್ಪತ್ತು: ಲ್ಯಾಪ್‌ಲ್ಯಾಂಡ್ ಚಳಿಗಾಲದ ಪ್ರವಾಸಕ್ಕೆ ಹೊರಡುವ ಮುನ್ನ

ಫಿನ್‌ಲ್ಯಾಂಡಿನ ಲ್ಯಾಪ್‌ಲ್ಯಾಂಡಿಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ಬಂದ ಮೇಲೆ ನನಗೆ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಮೂರೇ. ಯಾವ ತಿಂಗಳು ಹೋಗಬೇಕು? ಏನು ಹಾಕಿಕೊಳ್ಳಬೇಕು? ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಬರೆದಿಡುತ್ತಿದ್ದೇನೆ.

ಲ್ಯಾಪ್‌ಲ್ಯಾಂಡ್ ಅಂದರೆ ಫಿನ್‌ಲ್ಯಾಂಡಿನ ಉತ್ತರದ ಪ್ರದೇಶ. ಅದರ ಮುಖ್ಯ ಊರು ರೊವಾನಿಯೆಮಿ. ಊರಿನಿಂದ ಎಂಟು ಕಿಲೋಮೀಟರ್ ಉತ್ತರಕ್ಕೆ ಆರ್ಕ್ಟಿಕ್ ವೃತ್ತ ಹಾದುಹೋಗುತ್ತದೆ. ಆ ಗೆರೆಯ ಆಚೆ ಉತ್ತರಕ್ಕೆ ಹೋದಷ್ಟೂ ಚಳಿಗಾಲದಲ್ಲಿ ಸೂರ್ಯ ಹುಟ್ಟದ ದಿನಗಳು ಜಾಸ್ತಿ.

ಶುರುವಿಗೇ ಒಂದು ಮಾತು. ಈ ಪ್ರವಾಸ ಕೆಡುವುದು ಚಳಿಯಿಂದಲ್ಲ, ಅವಸರದಿಂದ. ನಾಲ್ಕೈದು ಜನರ ಮನೆ ಬಟ್ಟೆ ಹಾಕಿಕೊಂಡು ಹೊರಗೆ ಕಾಲಿಡಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಚಿಕ್ಕದಕ್ಕೆ ಸೂಸು ಬರುತ್ತದೆ, ಮತ್ತೆ ಮೊದಲಿನಿಂದ ಶುರು. ಬಸ್ ಟೂರಿನ ಲೆಕ್ಕದಲ್ಲಿ ದಿನಕ್ಕೆ ಐದು ಜಾಗ ಅಂತ ಪಟ್ಟಿ ಮಾಡಿದರೆ ಎರಡನೇ ದಿನವೇ ಜಗಳ. ದಿನಕ್ಕೆ ಒಂದೇ ದೊಡ್ಡ ಕಾರ್ಯಕ್ರಮ. ಕೆಳಗಿನ ಎಲ್ಲ ಹಂತಗಳೂ ಈ ಲೆಕ್ಕದ ಮೇಲೇ ನಿಂತಿವೆ.

ಹಂತ 1: ತಿಂಗಳು ಆರಿಸಿ

ಎಲ್ಲರ ಮನಸ್ಸಿನಲ್ಲಿರುವುದು ಕ್ರಿಸ್‌ಮಸ್ ವಾರ. ಮಕ್ಕಳಿಗೆ ರಜೆ, ಸಾಂಟಾ ಇರುವ ಊರು, ಸರಿ. ಆದರೆ ಇಡೀ ಯೂರೋಪಿಗೂ ಅದೇ ಆಸೆ ಇರುತ್ತದೆ. ಹೋಟೆಲ್ ದರ ಮುಗಿಲು ಮುಟ್ಟಿರುತ್ತದೆ. ಇನ್ನೂ ಒಂದು ತೊಡಕಿದೆ. ಡಿಸೆಂಬರ್ 24ರ ಮಧ್ಯಾಹ್ನದಿಂದ ಫಿನ್‌ಲ್ಯಾಂಡ್ ಬಾಗಿಲು ಹಾಕಿಕೊಳ್ಳುತ್ತದೆ. ಅಂಗಡಿ ಮುಚ್ಚುತ್ತವೆ, ಬಸ್ಸು ರೈಲು ತೀರಾ ಕಡಿಮೆಯಾಗುತ್ತವೆ. ಅಂದು ರಾತ್ರಿ ಊಟಕ್ಕೆ ಏನು ಅಂತ ಮೊದಲೇ ನೋಡಿಕೊಳ್ಳದಿದ್ದರೆ ಬಿಸ್ಕತ್ತೇ ಗತಿ.

ಬೆಳಕಿನ ಲೆಕ್ಕವನ್ನೂ ಹಾಕಿ. ಡಿಸೆಂಬರ್ ಮೂರನೇ ವಾರದಲ್ಲಿ ರೊವಾನಿಯೆಮಿಯಲ್ಲಿ ಸೂರ್ಯ ಬೆಳಗ್ಗೆ ಹನ್ನೊಂದಕ್ಕೆ ಹುಟ್ಟಿ ಮಧ್ಯಾಹ್ನ ಒಂದೂವರೆಯೊಳಗೆ ಮುಳುಗುತ್ತಾನೆ. ಅದರ ಹಿಂದೆ ಮುಂದೆ ನೀಲಿ ಮಬ್ಬು ಬೆಳಕು ಇರುತ್ತದೆ, ತುಂಬ ಚೆಂದ. ಆದರೆ ಮಕ್ಕಳ ಮೈಗೆ ಮಧ್ಯಾಹ್ನ ಮೂರಕ್ಕೇ ಮಲಗುವ ಹೊತ್ತು ಅನ್ನಿಸಿಬಿಡುತ್ತದೆ. ಜನವರಿ ಕೊನೆಗೆ ಹಗಲು ಸುಮಾರು ಆರು ಗಂಟೆ, ಫೆಬ್ರವರಿ ಕೊನೆಗೆ ಹತ್ತು ಗಂಟೆ. ಹಿಮವೂ ಆಗಲೇ ದಪ್ಪಗಿರುತ್ತದೆ.

ನನ್ನನ್ನು ಕೇಳಿದರೆ ಸಂಕ್ರಾಂತಿ ಮುಗಿಸಿಕೊಂಡು ಹೊರಡಿ. ಶಾಲೆಗೆ ಒಂದು ವಾರ ರಜೆ ಹಾಕಬೇಕಾಗುತ್ತದೆ ನಿಜ. ದೊಡ್ಡ ತರಗತಿಯ ಮಕ್ಕಳಿಗೆ ಪರೀಕ್ಷೆ ಹತ್ತಿರ ಅನ್ನುವುದಾದರೆ ಡಿಸೆಂಬರ್ ಮೊದಲ ಎರಡು ವಾರ ನೋಡಿ. ಫೆಬ್ರವರಿ ಮಧ್ಯದಿಂದ ಮಾರ್ಚ್ ಮೊದಲವರೆಗೆ ಫಿನ್‌ಲ್ಯಾಂಡಿನ ಶಾಲೆಗಳಿಗೇ ಸ್ಕೀ ರಜೆ. ಆಗಲೂ ಲ್ಯಾಪ್‌ಲ್ಯಾಂಡ್ ತುಂಬಿರುತ್ತದೆ.

ಹಂತ 2: ವೀಸಾ

ಬೇಕಾಗಿರುವುದು ಶೆಂಗೆನ್ ವೀಸಾ. ಅಂದರೆ ಯೂರೋಪಿನ 29 ದೇಶಗಳಿಗೆ ಸೇರಿ ಒಂದೇ ವೀಸಾ. ಯಾವ ದೇಶದಲ್ಲಿ ಹೆಚ್ಚು ರಾತ್ರಿ ಕಳೆಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. "ಆ ದೇಶದ್ದು ಬೇಗ ಸಿಗುತ್ತೆ" ಅಂತ ಬೇರೆ ಕಡೆ ಹಾಕಿ, ಫಿನ್‌ಲ್ಯಾಂಡಿನಲ್ಲಿ ಆರು ರಾತ್ರಿ ತೋರಿಸಿದರೆ ತಿರಸ್ಕಾರಕ್ಕೆ ನೀವೇ ಕಾರಣ ಕೊಟ್ಟ ಹಾಗೆ.

ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. 15 ದಿನ ಮುಂಚೆ ಅನ್ನುವುದು ಕೊನೆಯ ಗಡುವು, ಅಲ್ಲಿಯವರೆಗೆ ಕಾಯಬೇಡಿ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ಶುಲ್ಕ ದೊಡ್ಡವರಿಗೆ 90 ಯೂರೋ, 6 ರಿಂದ 11 ವರ್ಷದ ಮಕ್ಕಳಿಗೆ 45 ಯೂರೋ, ಆರು ತುಂಬದವರಿಗೆ ಇಲ್ಲ. ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ಬೆರಳಚ್ಚು 12 ವರ್ಷ ತುಂಬಿದವರಿಗೆ ಮಾತ್ರ.

ಜನ ಎಡವುವುದು ಹೆಚ್ಚಾಗಿ ಇಲ್ಲಿ:

- ಪ್ರವಾಸ ವಿಮೆ ಕನಿಷ್ಠ 30,000 ಯೂರೋಗೆ ಇರಬೇಕು. ಅಜ್ಜಿ ತಾತನಿಗೆ ಮಾಡಿಸುವಾಗ ಹಳೆಯ ಕಾಯಿಲೆಗಳ ಬಗ್ಗೆ ಪಾಲಿಸಿಯಲ್ಲಿ ಏನಿದೆ ಅಂತ ಪೂರ್ತಿ ಓದಿ.
- ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ, ಮರೆತೇ ಹೋಗಿರುತ್ತದೆ. ಶೆಂಗೆನ್ ಬಿಟ್ಟು ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಬಾಕಿ ಇರಬೇಕು.
- ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರೇ ಮಗುವಿನ ಜೊತೆ ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬೇಕು.
- ವೀಸಾ ಕೈಗೆ ಬರುವವರೆಗೆ ಹಣ ವಾಪಸ್ ಬರದ ಹೋಟೆಲ್, ಸಫಾರಿ (ನಾಯಿ ಬಂಡಿ, ಹಿಮದ ಬೈಕು ಇಂಥ ಸವಾರಿಗಳಿಗೆ ಅಲ್ಲಿ ಹಾಗೇ ಅನ್ನುತ್ತಾರೆ) ಯಾವುದನ್ನೂ ಬುಕ್ ಮಾಡಬೇಡಿ.

ಹಂತ 3: ದಾರಿ

ಬೆಂಗಳೂರಿನಿಂದ ಹೆಲ್ಸಿಂಕಿಗೆ ನೇರ ವಿಮಾನ ಇಲ್ಲ. ದೋಹಾ, ಫ್ರಾಂಕ್‌ಫರ್ಟ್ ಹೀಗೆ ಎಲ್ಲಾದರೂ ಬದಲಿಸಬೇಕು. ವಿಮಾನ ಬದಲಿಸಲು ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ಮಕ್ಕಳಿಗೂ ಬೇಕು, ಹಿಮಪಾತಕ್ಕೂ ಬೇಕು.

ಹೆಲ್ಸಿಂಕಿಯಿಂದ ರೊವಾನಿಯೆಮಿಗೆ ವಿಮಾನದಲ್ಲಿ ಒಂದೂವರೆ ಗಂಟೆಯೊಳಗೆ ಹೋಗಬಹುದು. ಆದರೂ ರಾತ್ರಿ ರೈಲಿಗೇ ನನ್ನ ಓಟು. ಹೆಸರು ಸಾಂಟಾ ಕ್ಲಾಸ್ ಎಕ್ಸ್‌ಪ್ರೆಸ್, ಸುಮಾರು 12 ಗಂಟೆ ದಾರಿ. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ, ಮಕ್ಕಳಿಗೆ ಹಬ್ಬ. ಒಂದೊಂದು ಕ್ಯಾಬಿನ್ನಿನಲ್ಲೂ ಎರಡು ಬರ್ತ್. ಡಬಲ್ ಡೆಕ್ಕರ್ ಬೋಗಿಗಳಲ್ಲಿ ಮೇಲಿನ ಮಹಡಿಯ ಕ್ಯಾಬಿನ್ನಿಗೆ ಸ್ವಂತ ಶೌಚಾಲಯ, ಷವರ್ ಇದೆ. ಕೆಳಗಿನದಕ್ಕೆ ಇಲ್ಲ. ಅಜ್ಜಿ ಜೊತೆಗಿದ್ದರೆ ಇದು ದೊಡ್ಡ ವಿಷಯ, ಆದರೆ ಮೆಟ್ಟಿಲು ಹತ್ತಲು ಆಗುತ್ತದಾ ಅಂತಲೂ ನೋಡಿಕೊಳ್ಳಿ.

ಇನ್ನೊಂದು ಉಳಿತಾಯ. ವಿಮಾನ ಇಳಿದು ಅಂದೇ ರಾತ್ರಿ ರೈಲು ಹಿಡಿಯುವುದಾದರೆ ಹೆಲ್ಸಿಂಕಿ ಊರೊಳಗೆ ಹೋಗಲೇಬೇಕಿಲ್ಲ. ವಿಮಾನ ನಿಲ್ದಾಣದಿಂದ ಲೋಕಲ್ ರೈಲಿನಲ್ಲಿ ಸ್ವಲ್ಪವೇ ದೂರದ ಟಿಕ್ಕುರಿಲಾ ಸ್ಟೇಷನ್ನಿನಲ್ಲಿ ರಾತ್ರಿ ರೈಲು ನಿಲ್ಲುತ್ತದೆ. ಹೆಲ್ಸಿಂಕಿಯನ್ನು ವಾಪಸ್ ಬರುವಾಗ ನೋಡಿ. ಒಂದು ದಿನ ಸಾಕು: ಫೆರಿ ಹತ್ತಿದರೆ ಕಾಲು ಗಂಟೆಗೆ ಸುವೊಮೆನ್‌ಲಿನ್ನಾ ದ್ವೀಪದ ಕೋಟೆ, ಸಂಜೆಗೆ 'ಓದಿ' (Oodi) ಗ್ರಂಥಾಲಯ. ಅಲ್ಲಿಗೆ ಪ್ರವೇಶ ಉಚಿತ, ಒಳಗೆ ಬೆಚ್ಚಗಿರುತ್ತದೆ, ಮಕ್ಕಳಿಗೆ ಓಡಾಡಲು ಜಾಗವಿದೆ.

ಕಾರು ಬಾಡಿಗೆಗೆ ತೆಗೆದುಕೊಳ್ಳುವ ಆಸೆ ಬೇಡ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ರಸ್ತೆ ಮೇಲೆ ಐಸು, ಕತ್ತಲೆ, ನಡುವೆ ದಿಢೀರನೆ ಹಿಮಸಾರಂಗ. ಹಿಮದಲ್ಲಿ ಮೊದಲ ಸಲ ಕಾರು ಓಡಿಸುವ ಪಾಠವನ್ನು ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಕಲಿಯುವುದು ಬೇಡ.

ಹಂತ 4: ಬಟ್ಟೆ

ನಮ್ಮ ಮನೆಯ ಫ್ರಿಜ್ಜಿನ ಫ್ರೀಜರ್ ಒಳಗೆ ಸುಮಾರು ಮೈನಸ್ 18 ಡಿಗ್ರಿ. ಜನವರಿಯ ರೊವಾನಿಯೆಮಿ ಒಮ್ಮೊಮ್ಮೆ ಅದಕ್ಕಿಂತ ಬೆಚ್ಚಗಿರುತ್ತದೆ, ಒಮ್ಮೊಮ್ಮೆ ಮೈನಸ್ 30ಕ್ಕೆ ಇಳಿಯುತ್ತದೆ. ಹೆದರಬೇಡಿ. ಕಟ್ಟಡಗಳ ಒಳಗೆ 21 ಡಿಗ್ರಿ ಆಸುಪಾಸು, ಬೆಂಗಳೂರಿನ ಡಿಸೆಂಬರ್ ಮನೆಗಿಂತ ಬೆಚ್ಚಗೆ. ಚಳಿ ಹೊರಗೆ ಮಾತ್ರ.

ನಿಯಮ ಮೂರು ಪದರ.

ಮೊದಲ ಪದರ ಮೈಗೆ ಅಂಟುವ ಥರ್ಮಲ್. ಉಣ್ಣೆಯದೋ ಸಿಂಥೆಟಿಕ್ಕೋ ಆಗಬೇಕು, ಹತ್ತಿ ಬೇಡವೇ ಬೇಡ. ನಮ್ಮವರು ಮಾಡುವ ಮೊದಲ ತಪ್ಪೇ ಇದು. "ಬನಿಯನ್ ಮೇಲೆ ಥರ್ಮಲ್ ಹಾಕ್ಕೊಂಡ್ರೆ ಇನ್ನೂ ಬೆಚ್ಚಗಲ್ವಾ?" ಅಂತ ಕೇಳುತ್ತಾರೆ. ಇಲ್ಲ. ಹತ್ತಿ ಬೆವರು ಕುಡಿದು ಒದ್ದೆಯಾಗೇ ಉಳಿಯುತ್ತದೆ. ಓಡಾಡಿದ ಮಗು ನಿಂತ ತಕ್ಷಣ ಆ ಒದ್ದೆ ಬಟ್ಟೆಯೇ ಮೈಯ ಶಾಖ ಎಳೆದುಕೊಳ್ಳುತ್ತದೆ. ಜೀನ್ಸಿಗೂ ಅದೇ ಮಾತು.

ಎರಡನೇ ಪದರ ಫ್ಲೀಸ್ ಅಥವಾ ಉಣ್ಣೆ ಸ್ವೆಟರ್. ಅಜ್ಜಿ ಹೆಣೆದ ಸ್ವೆಟರ್ ಇದ್ದರೆ ಧಾರಾಳವಾಗಿ ನಡೆಯುತ್ತದೆ.

ಮೂರನೆಯದು ಗಾಳಿ, ಹಿಮ ಒಳಗೆ ಬಿಡದ ಜಾಕೆಟ್ ಮತ್ತು ಪ್ಯಾಂಟು. ಚಿಕ್ಕ ಮಕ್ಕಳಿಗೆ ಎರಡೂ ಸೇರಿದ ಒಂದೇ ಉಡುಪು ಒಳ್ಳೆಯದು. ಅಲ್ಲಿನ ಮಕ್ಕಳು ಹಾಕುವುದೂ ಅದನ್ನೇ. ಹಿಮದಲ್ಲಿ ಹೊರಳಾಡಿದರೂ ಸೊಂಟದ ಹತ್ತಿರ ಹಿಮ ನುಗ್ಗುವುದಿಲ್ಲ.

ಈ ಮೂರನೇ ಪದರಕ್ಕೆ ದುಡ್ಡು ಸುರಿಯಬೇಡಿ. ರೊವಾನಿಯೆಮಿಯಲ್ಲಿ ದಿನದ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಸಫಾರಿಗೆ ಹೋದರೆ ದಪ್ಪ ಓವರಾಲ್, ಬೂಟು, ಕೈಗವಸು ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಅಮೆರಿಕದಲ್ಲೋ ಕೆನಡಾದಲ್ಲೋ ಇದ್ದು ಬಂದ ನೆಂಟರು ಇದ್ದರೆ ಅವರ ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿ ನೋಡಿ. ಕೊಳ್ಳುವುದಾದರೆ ಥರ್ಮಲ್, ಸಾಕ್ಸು, ಕೈಗವಸು ಮಾತ್ರ ಚೆನ್ನಾಗಿರುವುದನ್ನು ಕೊಳ್ಳಿ.

ಕೈಕಾಲಿನ ವಿಷಯದಲ್ಲಿ ಮೂರು ಸೂಕ್ಷ್ಮ. ಬೆರಳು ಬೆರಳಿನ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಚೀಲದಂಥ ಕೈಗವಸು ಬೆಚ್ಚಗೆ. ಮಕ್ಕಳದ್ದನ್ನು ದಾರ ಕಟ್ಟಿ ತೋಳಿನೊಳಗೆ ಹಾಯಿಸಿ, ಇಲ್ಲದಿದ್ದರೆ ಮೊದಲ ದಿನವೇ ಒಂದು ಮಾಯ. ಬೂಟು ಒಂದು ಸೈಜು ದೊಡ್ಡದಿರಲಿ. ಬಿಗಿ ಬೂಟಿನೊಳಗೆ ಎರಡು ಸಾಕ್ಸು ತುರುಕಿದರೆ ರಕ್ತ ಓಡಾಡದೆ ಕಾಲು ಇನ್ನೂ ಬೇಗ ಮರಗಟ್ಟುತ್ತದೆ.

ನಮ್ಮ ಮಂಕಿ ಕ್ಯಾಪಿನ ಬಗ್ಗೆ ನಗುವವರು ನಗಲಿ. ಅಲ್ಲಿ ಅದಕ್ಕೆ ಬೇರೆ ಹೆಸರಿದೆ ಅಷ್ಟೆ, ಎಲ್ಲರ ತಲೆ ಮೇಲೂ ಇರುತ್ತದೆ.

ಸಣ್ಣ ಸಾಮಾನು: ಬೂಟಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಅಜ್ಜಿಗೆ ಕಡ್ಡಾಯ. ಕತ್ತಲಲ್ಲಿ ಹೊಳೆಯುವ ರಿಫ್ಲೆಕ್ಟರ್ ಒಬ್ಬೊಬ್ಬರಿಗೂ ಒಂದು. ಕತ್ತಲಲ್ಲಿ ನಡೆಯುವವರು ಅದನ್ನು ಹಾಕಿಕೊಳ್ಳಬೇಕು ಅಂತ ಫಿನ್‌ಲ್ಯಾಂಡಿನ ಕಾನೂನೇ ಹೇಳುತ್ತದೆ, ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ತುಟಿಗೆ, ಕೆನ್ನೆಗೆ ದಪ್ಪ ಕ್ರೀಮು. ಕೊಬ್ಬರಿ ಎಣ್ಣೆ ಒಯ್ದರೆ ರೂಮಿನೊಳಗೂ ಅದು ಗಟ್ಟಿಯಾಗೇ ಇರುತ್ತದೆ, ಡಬ್ಬಿಯ ಬಾಯಿ ಅಗಲ ಇರಲಿ.

ಹಂತ 5: ಊಟ

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ದುಡ್ಡೂ ಉಳಿಯುತ್ತದೆ, ಅಜ್ಜಿಯ ಅನ್ನ ಸಾರೂ ಉಳಿಯುತ್ತದೆ. ಲ್ಯಾಪ್‌ಲ್ಯಾಂಡಿನ ಹೋಟೆಲುಗಳಲ್ಲಿ ಹಿಮಸಾರಂಗದ ಮಾಂಸ, ಸಾಲ್ಮನ್ ಮೀನೇ ಮುಖ್ಯ. ಸಸ್ಯಾಹಾರ ಸಿಗುತ್ತದೆ, ಆದರೆ ಎಂಟು ದಿನ ಅದನ್ನೇ ನೆಚ್ಚಿಕೊಂಡರೆ ಬೇಜಾರು.

ಊರಿನಿಂದ ಏನು ಒಯ್ಯಬಹುದು ಅನ್ನುವುದರಲ್ಲಿ ತುಂಬ ಜನ ಸಿಕ್ಕಿಬೀಳುತ್ತಾರೆ. ಯೂರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ. ಅಂದರೆ ತುಪ್ಪ, ಪನೀರ್ ಬಿಟ್ಟುಬಿಡಿ. ಕೂಸಿನ ಹಾಲಿನ ಪುಡಿಗೆ ವಿನಾಯಿತಿ ಇದೆ. ತಾಜಾ ಹಣ್ಣು ತರಕಾರಿ, ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹಾಗಾಗಿ ಕರಿಬೇವು, ಹಸಿಮೆಣಸಿನಕಾಯಿ ಇಲ್ಲ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸು, ಖರ್ಜೂರ, ಡ್ಯೂರಿಯನ್ ಈ ಐದಕ್ಕೆ ಮಾತ್ರ ಪತ್ರ ಬೇಡ. ಅವಲಕ್ಕಿ, ರವೆ, ಚಟ್ನಿಪುಡಿ, ಸಾರಿನಪುಡಿ ಆರಾಮಾಗಿ ಹೋಗುತ್ತವೆ. ಪುಳಿಯೋಗರೆ ಗೊಜ್ಜನ್ನು ಕೈಚೀಲದಲ್ಲಿ ಇಡಬೇಡಿ. 100 ಎಂಎಲ್ ದಾಟಿದ ಗೊಜ್ಜು ಸೆಕ್ಯೂರಿಟಿಯವರಿಗೆ ದ್ರವವೇ, ಕಸದ ಬುಟ್ಟಿಗೆ ಹೋಗುತ್ತದೆ. ಚೆಕ್-ಇನ್ ಲಗೇಜಿಗೆ ಹಾಕಿ.

ಅಲ್ಲಿ ಅಡುಗೆ ಮಾಡುವಾಗ ಒಂದು ಎಚ್ಚರಿಕೆ. ಒಗ್ಗರಣೆಯ ಹೊಗೆಗೆ ಅಲಾರಂ ಕೂಗುತ್ತದೆ. ಫಿನ್‌ಲ್ಯಾಂಡಿನ ಮನೆಗಳಲ್ಲೆಲ್ಲ ಹೊಗೆ ಅಲಾರಂ ಇರಲೇಬೇಕು. ಫ್ಯಾನ್ ಹಾಕಿ, ಉರಿ ಸಣ್ಣಗಿಟ್ಟು, ಒಣಮೆಣಸಿನಕಾಯಿ ಕೊನೆಗೆ ಹಾಕಿ. ಅಲ್ಯೂಮಿನಿಯಂ ಕುಕ್ಕರ್ ಹೊತ್ತುಕೊಂಡು ಹೋಗಬೇಡಿ, ಇಂಡಕ್ಷನ್ ಒಲೆಯಿದ್ದರೆ ಕಾಯುವುದೇ ಇಲ್ಲ.

ಪ್ಯಾಕೆಟ್ ಓದಲು ಐದಾರು ಪದ ಕಲಿಯಿರಿ. ಕಸ್ವಿಸ್ (kasvis) ಅಂದರೆ ತರಕಾರಿ, ಲಿಹಾ (liha) ಮಾಂಸ, ಕನಾ (kana) ಕೋಳಿ, ಮುನಾ (muna) ಮೊಟ್ಟೆ, ಲೀವತೆ (liivate) ಜೆಲಾಟಿನ್, ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಅಂಟು. ಕಲಾ (kala) ಅಂತ ಕಂಡರೆ ಕಲೆ ಅಂದುಕೊಳ್ಳಬೇಡಿ, ಮೀನು.

ಬೇಕರಿಯಲ್ಲಿ ಕೊರ್ವಪೂಸ್ತಿ ತಿನ್ನದೆ ಬರಬೇಡಿ. ದಾಲ್ಚಿನ್ನಿ ಬನ್ನು, ಹಿಟ್ಟಿಗೆ ಏಲಕ್ಕಿ ಹಾಕಿರುತ್ತಾರೆ. ಆ ಪರಿಮಳಕ್ಕೆ ಅಜ್ಜಿಯ ಮುಖವೂ ಅರಳುತ್ತದೆ. ಹೆಸರಿನ ಅರ್ಥ ಮಾತ್ರ ಕಿವಿಗೊಂದು ಏಟು! ಕರೇಲಿಯನ್ ಪೈ ಕೂಡ ಹೊಟ್ಟೆ ತುಂಬಿಸುತ್ತದೆ. ರೈ ಹಿಟ್ಟಿನ ತೆಳು ಹಾಳೆಯೊಳಗೆ ಹಾಲನ್ನ. ಮೇಲೆ ಮೊಟ್ಟೆ ಬೆರೆಸಿದ ಬೆಣ್ಣೆ ಹಚ್ಚುವ ರೂಢಿ ಇದೆ, ಬೇಡ ಅನ್ನಿ. ನಲ್ಲಿ ನೀರು ಎಲ್ಲ ಕಡೆ ಕುಡಿಯಬಹುದು, ಬಾಟಲಿ ಕೊಳ್ಳುವುದು ದಂಡ.

ಹಂತ 6: ದಿನದ ಲೆಕ್ಕ

ರೊವಾನಿಯೆಮಿಯಲ್ಲಿ ಐದು ರಾತ್ರಿ ಇಟ್ಟುಕೊಳ್ಳಿ. ಅದರಲ್ಲಿ ಒಂದು ದಿನ ಖಾಲಿ ಬಿಡಿ. ಮಕ್ಕಳಿಗೆ ಒಂದು ಪ್ಲಾಸ್ಟಿಕ್ ಜಾರುಬಂಡಿ, ಒಂದು ಹಿಮದ ದಿಬ್ಬ ಸಿಕ್ಕರೆ ಅರ್ಧ ದಿನ ಕಳೆಯುತ್ತದೆ. ಬಿಡಿಗಾಸು ಖರ್ಚು, ಮಕ್ಕಳು ವರ್ಷಗಟ್ಟಲೆ ನೆನೆಸಿಕೊಳ್ಳುವುದೂ ಅದನ್ನೇ.

ಸಾಂಟಾ ಕ್ಲಾಸ್ ವಿಲೇಜ್: ಊರಿನಿಂದ 8ನೇ ನಂಬರ್ ಬಸ್ಸು. ಒಳಗೆ ಹೋಗಲು, ಸಾಂಟಾನನ್ನು ಮಾತಾಡಿಸಲು ದುಡ್ಡಿಲ್ಲ. ಫೋಟೋ ಬೇಕೆಂದರೆ ದುಡ್ಡು, ಅದೂ ಕೈಸುಡುವಷ್ಟು. ಮಗು ಹಟ ಹಿಡಿಯುವ ಮೊದಲೇ ಮನೆಯಲ್ಲಿ ಮಾತಾಡಿಕೊಂಡಿರಿ. ಅಂಚೆ ಕಚೇರಿಯಿಂದ ಊರಿಗೊಂದು ಕಾರ್ಡ್ ಹಾಕಿ, ಆರ್ಕ್ಟಿಕ್ ವೃತ್ತದ ಮುದ್ರೆ ಬೀಳುತ್ತದೆ. ಎರಡು ಡಬ್ಬಿ ಇರುತ್ತವೆ. ಒಂದರಲ್ಲಿ ಹಾಕಿದ್ದು ಈಗಲೇ ಹೋಗುತ್ತದೆ, ಇನ್ನೊಂದರದ್ದು ಮುಂದಿನ ಕ್ರಿಸ್‌ಮಸ್‌ಗೆ. ಹಾಕುವ ಮುಂಚೆ ಮೇಲಿನ ಬರಹ ಓದಿ.

ಹಸ್ಕಿ ನಾಯಿಗಳ ಬಂಡಿ: ದೊಡ್ಡವರಿಗೆ ಒಬ್ಬೊಬ್ಬರಿಗೆ ನೂರು ಯೂರೋ ದಾಟುವುದು ಸಾಮಾನ್ಯ. ಉದ್ದದ ಸವಾರಿ ಆರಿಸಬೇಡಿ. ಬಂಡಿಯಲ್ಲಿ ಅಲುಗಾಡದೆ ಕೂತ ಮಗುವಿಗೆ ಎದುರುಗಾಳಿ ಹೊಡೆಯುತ್ತದೆ, ನಿಂತು ಓಡಿಸುವ ಅಪ್ಪನಿಗೆ ಮೈ ಬಿಸಿಯಾಗಿ ಗೊತ್ತೇ ಆಗುವುದಿಲ್ಲ. ಅಜ್ಜಿಗೆ ಹಿಮಸಾರಂಗದ ಗಾಡಿ ಸರಿ. ನಿಧಾನ, ಕಂಬಳಿ ಹೊದಿಸುತ್ತಾರೆ, ನಮ್ಮ ಎತ್ತಿನ ಗಾಡಿಯ ಹದ. ಸಾಕಿದವರನ್ನು "ನಿಮ್ಮದೆಷ್ಟು ಸಾರಂಗ?" ಅಂತ ಮಾತ್ರ ಕೇಳಬೇಡಿ. ಬ್ಯಾಂಕಿನಲ್ಲಿ ಎಷ್ಟಿದೆ ಅಂತ ಕೇಳಿದ ಹಾಗೆ ಅದು.

ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಬೈಕು, ಓಡಿಸಲು ಲೈಸೆನ್ಸ್ ಬೇಕು. ಮನಸ್ಸಿದ್ದರೆ ಹೊರಡುವ ಮೊದಲು ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ.

ಚಳಿ ತೀರಾ ಜಾಸ್ತಿಯಾದ ದಿನಕ್ಕೆ ಆರ್ಕ್ಟಿಕುಮ್ ಮ್ಯೂಸಿಯಂ ಉಳಿಸಿಕೊಳ್ಳಿ. 1944ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆಯ ಕಾಲದಲ್ಲಿ ಈ ಊರು ಬಹುಪಾಲು ಸುಟ್ಟುಹೋಯಿತು. ಆಮೇಲೆ ಆಲ್ವಾರ್ ಆಲ್ಟೊ ಅನ್ನುವ ವಾಸ್ತುಶಿಲ್ಪಿ ಹಿಮಸಾರಂಗದ ಕೊಂಬಿನ ಆಕಾರಕ್ಕೆ ರಸ್ತೆಗಳನ್ನು ಹೊಂದಿಸಿ ಹೊಸ ನಕ್ಷೆ ಬರೆದರು. ಊರಲ್ಲಿ ಹಳೇ ಕಟ್ಟಡ ಯಾಕೆ ಕಾಣುವುದಿಲ್ಲ ಅನ್ನುವುದು ಅಲ್ಲಿ ಅರ್ಥವಾಗುತ್ತದೆ.

ಸಂಜೆಗೆ ಸೌನಾ. ಬಿಸಿ ಕಲ್ಲಿನ ಮೇಲೆ ನೀರು ಎರಚಿ ಆವಿ ಎಬ್ಬಿಸುವ ಮರದ ಕೋಣೆ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಒಳಗೇ ಇರುತ್ತದೆ. ಮಕ್ಕಳನ್ನು ಕೆಳಗಿನ ಹಲಗೆ ಮೇಲೆ ಕೂರಿಸಿ, ಐದು ನಿಮಿಷ ಸಾಕು. ಬಿಪಿ ಇರುವ ಹಿರಿಯರು ಡಾಕ್ಟರನ್ನು ಕೇಳಿಯೇ ಹೋಗಲಿ.

ಹಂತ 7: ಆಕಾಶದ ಬೆಳಕು

ಸೂರ್ಯನಿಂದ ಬರುವ ವಿದ್ಯುತ್ ಕಣಗಳು ಸುಮಾರು ನೂರು ಕಿಲೋಮೀಟರ್ ಎತ್ತರದ ಗಾಳಿಗೆ ಬಡಿದಾಗ ಹೊಳೆಯುವ ಬೆಳಕೇ ಅರೋರಾ. ಆಮ್ಲಜನಕದಿಂದ ಹಸಿರು ಬರುತ್ತದೆ. ಫಿನ್ನಿಷ್ ಭಾಷೆಯಲ್ಲಿ ರೆವೊಂತುಲೆತ್, ನರಿಬೆಂಕಿ. ನರಿ ಬಾಲದಿಂದ ಹಿಮ ಚಿಮ್ಮಿಸುತ್ತಾ ಓಡಿದಾಗ ಏಳುವ ಕಿಡಿ ಅಂತ ಅಲ್ಲಿನ ಹಳೇ ಕಥೆ.

ಫೋಟೋ ನೋಡಿ ಹೋದವರಿಗೆ ನಿರಾಸೆಯಾಗುವುದುಂಟು. ಕಣ್ಣಿಗೆ ಅದು ಎಷ್ಟೋ ಸಲ ತೆಳು ಬೂದು ಮೋಡದಂತೆ ಕಾಣುತ್ತದೆ, ಕ್ಯಾಮೆರಾಗೆ ಹಸಿರು ದಟ್ಟವಾಗಿ ಸಿಗುತ್ತದೆ. ಜೋರಾಗಿ ಬಂದ ರಾತ್ರಿ ಮಾತ್ರ ಕಣ್ಣಿಗೂ ಹಬ್ಬ.

ಮೊಬೈಲಿನಲ್ಲಿ ಎರಡು ವಿಷಯ ನೋಡಿ: ಮೋಡ ಇದೆಯಾ, ಕೆಪಿ ಎಷ್ಟು. ಕೆಪಿ ಅಂದರೆ 0ಯಿಂದ 9ರವರೆಗಿನ ಅಳತೆ, ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಅಂತ ಹೇಳುತ್ತದೆ. ಇಷ್ಟು ಉತ್ತರದಲ್ಲಿ 2, 3 ಇದ್ದರೂ ಸಾಕು. ಮೋಡ ಕವಿದಿದ್ದರೆ 7 ಇದ್ದರೂ ಉಪಯೋಗವಿಲ್ಲ. ಮೊದಲ ರಾತ್ರಿಯೇ ದುಡ್ಡು ಕೊಟ್ಟು ಟೂರ್ ಹೋಗಬೇಡಿ. ಆರ್ಕ್ಟಿಕುಮ್ ಹಿಂದಿನ ನದಿ ದಡ ಕತ್ತಲಾಗಿರುತ್ತದೆ, ಊರಿನಿಂದ ನಡೆದೇ ಹೋಗಬಹುದು. ಮೊದಲು ಅಲ್ಲಿ ನೋಡಿ. ದೊಡ್ಡವರಲ್ಲಿ ಒಬ್ಬರು ಹೊರಗೆ ಕಾಯಲಿ, ಕಂಡರೆ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸಲಿ.

ಹಂತ 8: ಮೈ ಮೇಲೆ ಗಮನ

ಇದೊಂದನ್ನು ದಯವಿಟ್ಟು ಎರಡು ಸಲ ಓದಿ. ಮಕ್ಕಳು ಆಟದಲ್ಲಿ ಮುಳುಗಿದರೆ ಚಳಿ ಅಂತ ಹೇಳುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಮೂಗು, ಕೆನ್ನೆ, ಕಿವಿ ನೋಡಿ. ಕೆಂಪಗಿದ್ದರೆ ಸರಿ. ಬೆಳ್ಳಗೆ ಮೇಣದ ಹಾಗಾಗಿ ಮುಟ್ಟಿದ್ದು ಗೊತ್ತಾಗುತ್ತಿಲ್ಲ ಅಂದರೆ ಹಿಮಗಡಿತ ಶುರುವಾಗಿದೆ. ತಕ್ಷಣ ಒಳಗೆ ಕರೆದುಕೊಂಡು ಹೋಗಿ, ಬೆಚ್ಚನೆ ಅಂಗೈ ಒತ್ತಿ ಹಿಡಿಯಿರಿ. ಉಜ್ಜಬೇಡಿ, ಹಿಮದಿಂದಂತೂ ಬೇಡವೇ ಬೇಡ. ಬಣ್ಣ, ಸ್ಪರ್ಶ ಮರಳದಿದ್ದರೆ ಆಸ್ಪತ್ರೆ. ತುರ್ತು ನಂಬರ್ 112. ಮಗು ನಡುಗುವುದು ನಿಲ್ಲಿಸಿ ಮಂಕಾಗಿ, ಮಾತು ತೊದಲಿದರೆ ಆಗಲೂ ಅದೇ ನಂಬರ್.

ಕಬ್ಬಿಣದ ಕಂಬಕ್ಕೆ ನಾಲಿಗೆ ತಾಗಿಸಬಾರದು ಅಂತ ಮಕ್ಕಳಿಗೆ ಹೇಳಲೋ ಬೇಡವೋ ಅನ್ನುವುದು ಕಷ್ಟದ ಪ್ರಶ್ನೆ. ಹೇಳಿದರೆ ಮಾಡಿ ನೋಡುತ್ತಾರೆ. ಅಂಟಿಕೊಂಡರೆ ಎಳೆಯಬೇಡಿ, ಉಗುರುಬೆಚ್ಚನೆ ನೀರು ಸುರಿಯಿರಿ.

ಸಕ್ಕರೆ ಕಾಯಿಲೆ ಇರುವ ಹಿರಿಯರ ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಿತು. ಕೈಚೀಲದಲ್ಲೇ ಒಯ್ಯಿರಿ, ಹೊರಗೆ ಹೋಗುವಾಗ ಒಳಜೇಬಿನಲ್ಲಿ ಮೈಗೆ ಹತ್ತಿರ ಇಟ್ಟುಕೊಳ್ಳಿ. ಆಸ್ತಮಾ ಇದ್ದವರು ಬಾಯಿ ಮೂಗು ಮುಚ್ಚುವ ಸ್ಕಾರ್ಫ್ ಇಲ್ಲದೆ ಹೊರಡಬಾರದು. ಹೆಪ್ಪುಗಟ್ಟಿದ ನದಿ, ಕೆರೆ ಮೇಲೆ ಗುರುತು ಹಾಕಿದ ದಾರಿ ಇಲ್ಲದೆ ಕಾಲಿಡಬೇಡಿ. ಹೆಲ್ಸಿಂಕಿಯಲ್ಲಿ ಛಾವಣಿಯಿಂದ ಹಿಮ ಬೀಳುವ ಎಚ್ಚರಿಕೆ ಫಲಕ ಕಂಡರೆ ರಸ್ತೆಯ ಆಚೆ ಬದಿಗೆ ದಾಟಿ.

ಫೋನಿಗೂ ಚಳಿಯಾಗುತ್ತದೆ. ರೊವಾನಿಯೆಮಿ ಪ್ಲಾಟ್‌ಫಾರ್ಮಿನಲ್ಲಿ ನನ್ನ ಫೋನ್ 40 ಪರ್ಸೆಂಟ್ ಇದ್ದದ್ದು ಹಾಗೇ ಆರಿತು. ನಾಲ್ಕೂ ಜನರ ಟಿಕೆಟ್ ಅದರೊಳಗಿತ್ತು. ಟಿಕೆಟ್, ಮನೆಯ ವಿಳಾಸ, ವಿಮೆ ಮೂರನ್ನೂ ಕಾಗದದಲ್ಲೂ ಇಟ್ಟುಕೊಳ್ಳಿ. ಹೊರಗಿನಿಂದ ಒಳಗೆ ಬಂದಾಗ ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಮುಚ್ಚಿಟ್ಟು ಒಂದು ಗಂಟೆ ಬಿಡಿ, ಇಲ್ಲದಿದ್ದರೆ ಒಳಗೆಲ್ಲ ನೀರಹನಿ ಕೂರುತ್ತದೆ.

ಹಂತ 9: ವಾಪಸ್ ಹೊರಡುವಾಗ

ಹಿಂದಿನ ರಾತ್ರಿಯೇ ಬೂಟಿನೊಳಗಿನ ಪದರ ತೆಗೆದು ಒಣಗಿಸಿ, ಒದ್ದೆ ಬೂಟು ಸೂಟ್‌ಕೇಸ್ ಪೂರ್ತಿ ನಾರಿಸುತ್ತದೆ. ಬಾಡಿಗೆ ಬಟ್ಟೆಯ ಜೇಬುಗಳನ್ನೆಲ್ಲ ತಡಕಿ, ಮಕ್ಕಳ ಚಾಕೊಲೇಟು ಮಾತ್ರವಲ್ಲ, ಪಾಸ್‌ಪೋರ್ಟೂ ಅಲ್ಲೇ ಸಿಗಬಹುದು. ಕೈಚೀಲದಲ್ಲಿ ಒಬ್ಬೊಬ್ಬರಿಗೂ ಒಂದು ಹತ್ತಿ ಟೀ ಶರ್ಟ್ ಇಟ್ಟುಕೊಂಡು, ವಿಮಾನ ಬದಲಿಸುವ ಕಡೆ ಥರ್ಮಲ್ ಬಿಚ್ಚಿ ಹಾಕಿಕೊಳ್ಳಿ. ದೇವನಹಳ್ಳಿಯಲ್ಲಿ ಇಳಿದು ಇಮಿಗ್ರೇಷನ್ ಸಾಲಿನಲ್ಲಿ ನಿಂತಾಗ ಗೊತ್ತಾಗುತ್ತದೆ ಯಾಕೆ ಅಂತ.